ಬರೆದವರು ಹಾಕದ ಬ್ರಾಕೆಟ್

ಮೊನ್ನೆ ನಮ್ಮಲ್ಲಿ ಅಜ್ಜನ ತಿಥಿ. ಊಟ ಆಗಿ ಎಲ್ಲರೂ ಜಗಲಿಯಲ್ಲಿ ಎಲೆ ಅಡಿಕೆ ತಟ್ಟೆ ಸುತ್ತ ಕೂತಿದ್ದಾಗ ಬೆಂಗಳೂರಿಂದ ಬಂದಿದ್ದ ಭಾವ ಫೋನಲ್ಲಿ ಒಂದು ಲೆಕ್ಕ ತೋರಿಸಿದ್ರು. 8 ÷ 2(2 + 2) ಎಷ್ಟು ಅಂತ. ಅಪ್ಪಚ್ಚಿ, ಅಂದ್ರೆ ನನ್ನ ಚಿಕ್ಕಪ್ಪ, ಕನ್ನಡಕ ಏರಿಸಿ ನೋಡಿ, ಎಲೆಗೆ ಸುಣ್ಣ ಹಚ್ಚುತ್ತಲೇ "ಒಂದು" ಅಂದ್ರು. ಭಾವ "ಅಲ್ಲ ಮಾವ, ಹದಿನಾರು" ಅಂದ್ರು. "ಹದಿನಾರಾ? ಅದು ಹೇಂಗೆ ಅಪ್ಪದು?" ಅಲ್ಲಿಂದ ಶುರುವಾದದ್ದು, ಸಂಜೆ ಕಾಫಿ ಆಗುವವರೆಗೂ ಮುಗೀಲಿಲ್ಲ.

ನಾನು ಮನೆಯಲ್ಲೇ ಮಕ್ಕಳಿಗೆ ಗಣಿತದ ಟ್ಯೂಷನ್ ಕೊಡುವವಳು. ಕಾಸರಗೋಡಿನ ಬದಿಯಡ್ಕ ಕಡೆಯ ಕನ್ನಡ ಮೀಡಿಯಂ ಮಕ್ಕಳು, ಐದರಿಂದ ಹತ್ತನೇ ಕ್ಲಾಸಿನವರೆಗೆ. ಹಾಗಾಗಿ ಇಬ್ರೂ ನನ್ನ ಕಡೆ ತಿರುಗಿ ನೀನೇ ಹೇಳು ಅಂದ್ರು. ನಾನು ಹೇಳಿದ ಉತ್ತರ ಇಬ್ರಿಗೂ ಹಿಡಿಸ್ಲಿಲ್ಲ, ಅಲ್ಲಿ ಪೂರ್ತಿ ಹೇಳ್ಲಿಕ್ಕೂ ಆಗ್ಲಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೇನೆ.

ಮೊದ್ಲು ಇಬ್ರ ವಾದ ಕೇಳಿ. ಅಪ್ಪಚ್ಚಿ ಹೇಳೋದು, 2(2 + 2) ಅಂತ ಒಟ್ಟಿಗೆ ಅಂಟಿಸಿ ಬರೆದದ್ದು ಒಂದೇ ಗಂಟು, ಮಧ್ಯ ಗುಣಿಸು ಚಿಹ್ನೆ ಇಲ್ಲ, ಹಾಗಾಗಿ ಆ ಗಂಟು ಮೊದ್ಲು ಬಿಚ್ಚಬೇಕು, ಎಂಟು ಬರ್ತದೆ, ಎಂಟನ್ನು ಎಂಟರಿಂದ ಭಾಗಿಸಿದ್ರೆ ಒಂದು. ಭಾವ ಹೇಳೋದು, ಬ್ರಾಕೆಟ್ ಒಳಗಿನದ್ದು 4 ಆಯ್ತು, ಅಲ್ಲಿಗೆ ಬ್ರಾಕೆಟ್ಟಿನ ಕೆಲಸ ಮುಗೀತು, ಉಳಿದದ್ದು 8 ÷ 2 × 4, ಬೋಡ್ಮಾಸ್ (ಬ್ರಾಕೆಟ್, ಆಫ್, ಭಾಗಿಸು, ಗುಣಿಸು, ಕೂಡಿಸು, ಕಳೆ ಅಂತ ಲೆಕ್ಕದ ಕ್ರಮ ನೆನಪಿಡ್ಲಿಕ್ಕೆ ಶಾಲೆಯಲ್ಲಿ ಕಲಿಸುವ ಇಂಗ್ಲಿಷ್ ಅಕ್ಷರಗಳು) ಪ್ರಕಾರ ಎಡದಿಂದ ಬಲಕ್ಕೆ ಮಾಡ್ತಾ ಹೋದ್ರೆ ಹದಿನಾರು. ಇಬ್ರಲ್ಲಿ ಯಾರದ್ದೂ ಪೆದ್ದು ಮಾತಲ್ಲ. ಫಿಸಿಕ್ಸ್ ಓದಿದವರನ್ನು ಕೇಳಿ, 1/2ಪೈ ಅಂತ ಒಂದೇ ಸಾಲಲ್ಲಿ ಬರೆದ್ರೆ ಎರಡು ಪೈ ಇಡೀ ಕೆಳಗೆ ಅಂತಲೇ ಓದ್ತಾರೆ, ಅರ್ಧ ಗುಣಿಸು ಪೈ ಅಂತ ಅಲ್ಲ. ಅಪ್ಪಚ್ಚಿಯದ್ದೂ ಅದೇ ಓದು.

ಆಗ ಪ್ಲಸ್ ಟು ಓದುವ ಅಣ್ಣನ ಮಗ ಒಳಗಿಂದ ಅವನ ಸೈಂಟಿಫಿಕ್ ಕ್ಯಾಲ್ಕುಲೇಟರ್ ತಂದ. ಕ್ಯಾಸಿಯೋದ ಕ್ಲಾಸ್‌ವಿಜ್. ಇದ್ದದ್ದು ಇದ್ದ ಹಾಗೆ ಒತ್ತಿ ಈಕ್ವಲ್ ಕೊಟ್ಟ, 1 ಬಂತು. ಅಪ್ಪಚ್ಚಿಗೆ ಖುಷಿಯೋ ಖುಷಿ. ಭಾವ ಬಿಡ್ತಾರಾ, ಅದನ್ನೇ ಗೂಗಲ್‌ನಲ್ಲಿ ಹಾಕಿದ್ರು, 16. ನಾನು ಎರಡನ್ನೂ ಕೈಗೆ ತಗೊಂಡು ಅಕ್ಕ ಪಕ್ಕ ಹಿಡಿದು ನೋಡಿದೆ. ನಾನು ಈ ಪೋಸ್ಟ್ ಬರೀಲಿಕ್ಕೆ ಮುಖ್ಯ ಕಾರಣ ಆಗ ಕಂಡದ್ದು. ಕ್ಯಾಲ್ಕುಲೇಟರಿನ ಸ್ಕ್ರೀನಲ್ಲಿ ಮೇಲಿನ ಸಾಲು 8 ÷ (2(2 + 2)) ಅಂತ ಆಗಿತ್ತು. ಹುಡುಗ ಆ ಹೊರಗಿನ ಬ್ರಾಕೆಟ್ ಒತ್ತಿರ್ಲಿಲ್ಲ, ಮೆಷಿನ್ನೇ ಹಾಕಿದ್ದು. ಗೂಗಲ್‌ನಲ್ಲಿ ನೋಡಿದ್ರೆ (8 / 2) * (2 + 2) ಅಂತ ಉಂಟು. ಅಲ್ಲೂ ಭಾವ ಹಾಕದ ಒಂದು ಬ್ರಾಕೆಟ್! ಅಂದ್ರೆ ಎರಡು ಮೆಷಿನ್ನೂ ಉತ್ತರ ಕೊಡುವ ಮೊದ್ಲು ಬರೆದವರು ಹಾಕದ ಬ್ರಾಕೆಟನ್ನು ಅವರವರಿಗೆ ಸರಿ ಕಂಡಲ್ಲಿ ಸೇರಿಸಿಕೊಂಡಿವೆ. ಉತ್ತರದಲ್ಲಿ ಜಗಳವೇ ಇಲ್ಲ ಹಾಗಾದ್ರೆ, ಜಗಳ ಇರೋದು ಪ್ರಶ್ನೆಯಲ್ಲಿ. ಪ್ರಶ್ನೆ ಅರ್ಧ ಬರೆದು ಬಿಟ್ಟದ್ದು.

ಹೋಳಿಗೆ ಲೆಕ್ಕದಲ್ಲಿ ಹೇಳ್ತೇನೆ. ಎಂಟು ಹೋಳಿಗೆ ಉಂಟು, ಎರಡು ಮನೆಗೆ ಕೊಡ್ಲಿಕ್ಕೆ, ಒಂದೊಂದು ಮನೆಯಲ್ಲಿ ಎರಡು ದೊಡ್ಡವರು ಎರಡು ಮಕ್ಕಳು. ತಲೆಗೆ ಎಷ್ಟು? ಒಂದು. ಇನ್ನೊಂದು ನೋಡಿ, ಎರಡು ಬಾಳೆ ಎಲೆಗೆ ಎಂಟು ರೂಪಾಯಿ, ನಮ್ಮ ಮನೆಗೆ ಎರಡು ಬೇಕು, ಪಕ್ಕದ ಮನೆಗೆ ಎರಡು ಬೇಕು, ಒಟ್ಟು ಎಷ್ಟು ರೂಪಾಯಿ? ಹದಿನಾರು. ಎರಡರಲ್ಲೂ ಅದೇ 8, ಅದೇ 2, ಅದೇ 2 + 2. ಯಾರಿಗಾದ್ರೂ ಇದ್ರಲ್ಲಿ ಗಲಿಬಿಲಿ ಆಗ್ತದಾ? ಏಳನೇ ಕ್ಲಾಸಿನ ಮಕ್ಕಳೂ ಬಾಯಲ್ಲೇ ಹೇಳ್ತಾರೆ. ಎಂತದರ ಲೆಕ್ಕ ಅಂತ ತೆಗೆದು ಬರೀ ಅಂಕಿ ಮಾತ್ರ ಬಿಟ್ರೆ ಯಾವ ಕಥೆ ಅಂತ ಗೊತ್ತಾಗುವ ದಾರಿಯೇ ಇಲ್ಲ.

ಇದೇ ಲೆಕ್ಕ 2019ರಲ್ಲಿ ಪ್ರಪಂಚ ಇಡೀ ಸುತ್ತಿ, ಕಾರ್ನೆಲ್ ಯೂನಿವರ್ಸಿಟಿಯ ಗಣಿತದ ಪ್ರೊಫೆಸರ್ ಸ್ಟೀವನ್ ಸ್ಟ್ರೋಗಾಟ್ಸ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆಯುವಷ್ಟು ದೊಡ್ಡದಾಗಿತ್ತು. ಭಾವನ ಫೋನಿಗೆ ಈಗ ಬಂದದ್ದು ಅಷ್ಟೆ. ಅಮೆರಿಕದ ಮಕ್ಕಳು ಬೋಡ್ಮಾಸ್ ಅಲ್ಲ, ಪೆಮ್ಡಾಸ್ ಅಂತ ಕಲೀತಾರೆ, ಅದ್ರಲ್ಲಿ ಗುಣಾಕಾರದ ಅಕ್ಷರ ಮೊದ್ಲು, ಭಾಗಾಕಾರದ್ದು ಆಮೇಲೆ. ನಮ್ಮಲ್ಲಿ ಉಲ್ಟಾ. ನಿಜವಾಗಿ ಎರಡೂ ಕಡೆ ನಿಯಮ ಒಂದೇ, ಗುಣಾಕಾರ ಭಾಗಾಕಾರ ಎರಡಕ್ಕೂ ಸಮಾನ ಸ್ಥಾನ, ಎಡದಿಂದ ಬಲಕ್ಕೆ ಮಾಡ್ತಾ ಹೋಗೋದು. ಆದ್ರೆ ಅಕ್ಷರ ಬಾಯಿಪಾಠ ಮಾಡಿದ ಮಗುವಿಗೆ ಅದು ಹೇಗೆ ಗೊತ್ತಾಗ್ಬೇಕು?

ಇಲ್ಲಿ ನನ್ನದೇ ಒಂದು ಸಂಕಟ ಹೇಳ್ಬೇಕು. ನಾನು ಏಳನೇ ಕ್ಲಾಸಲ್ಲಿದ್ದಾಗ 10 − 4 + 3 ಅಂತ ಒಂದು ಲೆಕ್ಕಕ್ಕೆ 3 ಅಂತ ಬರೆದೆ. ಬೋಡ್ಮಾಸ್‌ನಲ್ಲಿ ಕೂಡಿಸೋದು ಮೊದ್ಲು, ಕಳೆಯೋದು ಆಮೇಲೆ, ಹಾಗಾಗಿ 4 + 3 ಏಳು, ಹತ್ತರಲ್ಲಿ ಏಳು ಹೋದ್ರೆ ಮೂರು. ನಿಯಮ ಹೇಳಿದ ಹಾಗೇ ಮಾಡಿದ್ದೆ. ಕೆಂಪು ಪೆನ್ನಲ್ಲಿ ಅಡ್ಡ ಗೆರೆ ಬಿತ್ತು, ಪಕ್ಕದಲ್ಲಿ 9 ಅಂತ ಬರೆದಿತ್ತು, ಯಾಕೆ ಅಂತ ಇರ್ಲಿಲ್ಲ. ಕೇಳಿದ್ದಕ್ಕೆ ಗಮನ ಕೊಟ್ಟು ಮಾಡು ಅಂತ ಮಾತ್ರ ಉತ್ತರ ಸಿಕ್ಕಿದ್ದು. ನನಗೆ ಗಮನ ಇರ್ಲಿಲ್ವಾ? ನಾನು ಆ ಆರು ಅಕ್ಷರಗಳನ್ನು ನಂಬಿದ್ದೆ. ಕೂಡಿಸೋದಕ್ಕೂ ಕಳೆಯೋದಕ್ಕೂ ಒಂದೇ ಸ್ಥಾನ, ಹತ್ತರಲ್ಲಿ ನಾಲ್ಕು ಕಳೆದು ಆರು, ಅದಕ್ಕೆ ಮೂರು ಸೇರಿಸಿ ಒಂಬತ್ತು ಅಂತ ಬಿಡಿಸಿ ಹೇಳಿದವರು ಸಿಕ್ಕಿದ್ದು ನನಗೆ ಡಿಗ್ರಿಗೆ ಸೇರಿದ ಮೇಲೆ. ಅಷ್ಟು ವರ್ಷ ಗಣಿತ ಅಂದ್ರೆ ನಮಗೆ ಹೇಳದೆ ಇಟ್ಟುಕೊಂಡ ಏನೋ ಒಂದು ಉಂಟು ಅಂತ ಅನಿಸ್ತಿತ್ತು. ಈಗ್ಲೂ ಟ್ಯೂಷನ್‌ಗೆ ಹೊಸದಾಗಿ ಬರುವ ಮಕ್ಕಳಿಗೆ ನಾನು ಮೊದ್ಲ ದಿನ ಕೊಡುವ ಲೆಕ್ಕ ಇದೇ, 3 ಅಂತ ಬರೆಯುವ ಮಕ್ಕಳು ಪ್ರತಿ ವರ್ಷ ಇರ್ತಾರೆ, ಅವರೆಲ್ಲ ಬೋಡ್ಮಾಸ್ ಚೆನ್ನಾಗಿ ಬಾಯಿಪಾಠ ಮಾಡಿದ ಮಕ್ಕಳೇ.

ಬೋಡ್ಮಾಸ್‌ನ ಎರಡನೇ ಅಕ್ಷರದ ಕಥೆ ಇನ್ನೂ ಒಂದು. ನಮ್ಮ ಕಡೆ ಅದನ್ನು 'ಆಫ್' ಅಂತ ಕಲಿಸ್ತಾರೆ, ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುವವರಿಗೂ ಹಾಗೇ, ಬೇರೆ ಕೆಲವು ಕಡೆ ಅದು 'ಆರ್ಡರ್', ಅಂದ್ರೆ ಘಾತ. 12 ÷ ½ ಆಫ್ 8 ಅಂತ ಕೊಟ್ರೆ ಆಫ್ ಮೊದ್ಲು ಮಾಡಿ 12 ÷ 4, ಉತ್ತರ 3. ಆಫ್ ಇದ್ದಲ್ಲಿ ಗುಣಿಸು ಚಿಹ್ನೆ ಹಾಕಿದ್ರೆ ಉತ್ತರ 192. ಆಫ್ ಅಂದ್ರೂ ಗುಣಿಸೋದೇ ಅಲ್ವಾ ಟೀಚರ್, ಮತ್ತೆ ಯಾಕೆ ಬೇರೆ ಅಂತ ಮಕ್ಕಳು ಕೇಳ್ತಾರೆ, ನ್ಯಾಯವಾದ ಪ್ರಶ್ನೆ. ನಾನು ಅದನ್ನು ಕನ್ನಡದಲ್ಲಿ ಬರೀಲಿಕ್ಕೆ ಹೇಳ್ತೇನೆ. "ಹನ್ನೆರಡನ್ನು ಎಂಟರ ಅರ್ಧದಿಂದ ಭಾಗಿಸು." ಎಂಟರ ಅರ್ಧ. ಆ 'ರ' ಪ್ರತ್ಯಯ ಎಂಟನ್ನೂ ಅರ್ಧವನ್ನೂ ಕಟ್ಟಿ ಹಾಕ್ತದೆ, ಷಷ್ಠಿ ವಿಭಕ್ತಿಯೇ ಬ್ರಾಕೆಟ್ ಆಯ್ತು. ಇನ್ನೊಂದಕ್ಕೆ "ಹನ್ನೆರಡನ್ನು ಅರ್ಧದಿಂದ ಭಾಗಿಸಿ ಬಂದದ್ದನ್ನು ಎಂಟರಿಂದ ಗುಣಿಸು" ಅಂತಲೇ ಹೇಳ್ಬೇಕಾಗ್ತದೆ, ಆ "ಬಂದದ್ದನ್ನು" ಬಿಟ್ಟು ವಾಕ್ಯ ಕಟ್ಟಿ ನೋಡಿ, ಏನೋ ಬಿಟ್ಟುಹೋದ ಹಾಗೆ ಕೇಳ್ತದೆ. ಮನೆಯಲ್ಲಿ ತುಳು, ಮಲಯಾಳ, ಹವ್ಯಕ, ಮರಾಠಿ ಅಂತ ಬೇರೆ ಬೇರೆ ಮಾತಾಡುವ ಮಕ್ಕಳು ನನ್ನ ಕ್ಲಾಸಲ್ಲಿ, ಅವರವರ ಮಾತಲ್ಲಿ ಹೇಳಿ ನೋಡಿ ಅಂದ್ರೂ ಹೀಗೇ ಆಗ್ತದೆ, ಬಾಯಲ್ಲಿ ಹೇಳುವಾಗ ಮಕ್ಕಳು ತಪ್ಪುವುದು ಬಹಳ ಕಡಿಮೆ.

ಹಿಂದೆ ಲೆಕ್ಕ ಅಂದ್ರೆ ಮಾತೇ ಆಗಿತ್ತಲ್ವಾ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ವ್ಯವಹಾರ ಗಣಿತ ಬರೆದಾಗ ಈಗಿನ × ÷ ಎಲ್ಲ ಇರ್ಲೇ ಇಲ್ಲ. ಗುಣಿಸುವ × ಚಿಹ್ನೆ ಇಂಗ್ಲೆಂಡಿನ ಔಟ್ರೆಡ್ 1631ರಲ್ಲಿ ಅಚ್ಚು ಹಾಕಿಸಿದ್ದು, ಭಾಗಿಸುವ ÷ ಚಿಹ್ನೆ ಸ್ವಿಟ್ಜರ್ಲೆಂಡಿನ ಯೋಹಾನ್ ರಾನ್ 1659ರಲ್ಲಿ. ಕೂಡಿಸೋದು ಗುಣಿಸೋದು ಮನುಷ್ಯ ಎಣಿಸ್ಲಿಕ್ಕೆ ಶುರು ಮಾಡಿದಾಗಿನಿಂದ ಇದ್ದದ್ದು, ಅದನ್ನು ಹೀಗೆ ಗಿಡ್ಡ ಮಾಡಿ ಬರೆಯುವ ಕ್ರಮ ಮೊನ್ನೆ ಮೊನ್ನೆಯದ್ದು. ಆ ÷ ಚಿಹ್ನೆ ನಾರ್ವೆ, ಡೆನ್ಮಾರ್ಕ್ ಕಡೆ ಕಳೆಯುವ ಚಿಹ್ನೆಯಾಗಿಯೂ ಬಳಕೆಯಲ್ಲಿತ್ತು ಅಂದ್ರೆ ನೀವೇ ಯೋಚನೆ ಮಾಡಿ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒದವರ ಗಣಿತ ಚಿಹ್ನೆಗಳ ಸ್ಟ್ಯಾಂಡರ್ಡ್ 80000-2ರಲ್ಲಿ ÷ ಬಳಸ್ಬೇಡಿ ಅಂತಲೇ ಉಂಟು. ಗೆರೆ ಎಳೆದು ಮೇಲೆ ಕೆಳಗೆ ಬರೆದ್ರೆ ಮುಗೀತು, ಯಾವುದು ಯಾವುದರ ಕೆಳಗೆ ಅಂತ ಕಣ್ಣಿಗೇ ಕಾಣ್ತದೆ.

ಮತ್ತೆ ಅಡಿಕೆ ಅಂಗಡಿಯ ಕ್ಯಾಲ್ಕುಲೇಟರ್ ವಿಷಯ. ಲೆಕ್ಕಕ್ಕೆ ಒಳ್ಳೆ ಅಡಿಕೆ 36 ಕೆಜಿ, ಕೆಜಿಗೆ 400, ಕಡಿಮೆ ದರ್ಜೆಯ ಪಟೋರ 14 ಕೆಜಿ, ಕೆಜಿಗೆ 350 ಅಂತ ಇಟ್ಟುಕೊಳ್ಳಿ. 36 × 400 + 14 × 350. ಫೋನಲ್ಲಿ ಹಾಕಿದ್ರೆ 19,300, ಸರಿ. ಅದನ್ನೇ ಅಂಗಡಿಯ ಮೇಜಿನ ಮೇಲಿರುವ ಆ ದೊಡ್ಡ ಬಟನ್ನಿನ ಸಾದಾ ಕ್ಯಾಲ್ಕುಲೇಟರಲ್ಲಿ ಸಾಲಾಗಿ ಒತ್ತಿ ನೋಡಿ, 50,44,900 ತೋರಿಸ್ತದೆ! ಐವತ್ತು ಲಕ್ಷ. ಅದು ಹಾಳಾದದ್ದಲ್ಲ, ಒತ್ತಿದ ಹಾಗೆ ಆಗಿಂದಾಗ ಮಾಡ್ತಾ ಹೋಗೋದೇ ಅದರ ಕ್ರಮ, 14,400ಕ್ಕೆ 14 ಕೂಡಿಸಿ, ಅದಿಷ್ಟನ್ನೂ 350ರಿಂದ ಗುಣಿಸಿದೆ. ಅಂಗಡಿಯವರಿಗೆ ಇದು ಗೊತ್ತುಂಟು. ನಾನು ನೋಡಿದ್ದೇನೆ, ಅವರು 36 ಗುಣಿಸು 400 ಒತ್ತಿ ಎಂ ಪ್ಲಸ್ (ಬಂದದ್ದನ್ನು ಮೆಮೊರಿಗೆ ಕೂಡಿಸುವ ಬಟನ್), 14 ಗುಣಿಸು 350 ಒತ್ತಿ ಎಂ ಪ್ಲಸ್, ಕೊನೆಗೆ ಮೆಮೊರಿಯ ಮೊತ್ತ ತೋರಿಸುವ ಎಂಆರ್. ಬೆರಳು ನಿಲ್ಲೋದೇ ಇಲ್ಲ. ಆ ಎಂ ಪ್ಲಸ್ ಅವರ ಬ್ರಾಕೆಟ್. ಬೋಡ್ಮಾಸ್ ಅಂತ ಹೆಸರು ಕೇಳದವರೂ ಅದನ್ನು ತಪ್ಪಿಲ್ಲದೆ ಮಾಡ್ತಾರೆ, ಯಾಕಂದ್ರೆ ಯಾವುದನ್ನು ಯಾವುದರ ಜೊತೆ ಕಟ್ಟಬೇಕು ಅಂತ ಅವರಿಗೆ ಗೊತ್ತುಂಟು, ಎದುರಿಗೆ ಚೀಲ ಉಂಟಲ್ವಾ.

ಎಕ್ಸೆಲ್‌ನಲ್ಲಿ ಲೆಕ್ಕ ಬರೆಯುವವರಿಗೆ ಒಂದು ಮಾತು, −3^2 ಅಂತ ಹಾಕಿದ್ರೆ ಅದು ಮೈನಸ್ 3ನ್ನು ಇಡೀ ವರ್ಗ ಮಾಡಿ 9 ಕೊಡ್ತದೆ, ನಮ್ಮ ಪುಸ್ತಕದ ಪ್ರಕಾರ 3ರ ವರ್ಗ ಮೊದ್ಲು, ಮೈನಸ್ ಆಮೇಲೆ, ಹಾಗಾಗಿ −9. ಅಲ್ಲೂ ಬ್ರಾಕೆಟ್ ಹಾಕಿ.

ಹಾಗಂತ ನಿಯಮ ಬೇಡ ಅಂತ ನಾನು ಹೇಳೋದಲ್ಲ. 2 + 3 × 4 ಅಂದ್ರೆ 14 ಅಂತ ಎಲ್ಲರೂ ಒಪ್ಪಿಕೊಂಡದ್ದಕ್ಕೇ ನಾವು ಇಷ್ಟು ಗಿಡ್ಡವಾಗಿ ಬರೀಲಿಕ್ಕೆ ಆಗೋದು, ಅದನ್ನು ಮಕ್ಕಳು ಕಲೀಲೇ ಬೇಕು. ಆದ್ರೆ ಅದು ಒಪ್ಪಂದ, ರಸ್ತೆಯಲ್ಲಿ ಎಡಬದಿಯಲ್ಲಿ ಹೋಗುವ ಹಾಗೆ. ಒಪ್ಪಂದ ಅಂತ ಹೇಳಿ ಕಲಿಸಿ. ಮತ್ತೆ ಪ್ರಶ್ನೆಪತ್ರಿಕೆ ಮಾಡುವವರ ಹತ್ರ ನಾನು ಕೈ ಮುಗಿದು ಕೇಳೋದು, ಒಪ್ಪಂದ ಗಟ್ಟಿ ಇಲ್ಲದ ಜಾಗದಲ್ಲಿ, ಅಂದ್ರೆ ÷ ಆದ್ಮೇಲೆ ಚಿಹ್ನೆ ಇಲ್ಲದೆ ಬ್ರಾಕೆಟ್ ಅಂಟಿಸುವಲ್ಲಿ, ಮಕ್ಕಳನ್ನು ಪರೀಕ್ಷೆ ಮಾಡ್ಬೇಡಿ. ಅಲ್ಲಿ ಒಂದು ಮಾರ್ಕ್ ಕಳಕೊಳ್ಳುವ ಮಗು ಗಣಿತದಲ್ಲಿ ಹಿಂದೆ ಇರುವ ಮಗು ಅಲ್ಲ.

ತಿಥಿಯ ದಿನ ಸಂಜೆ ಭಾವ ಹೊರಡುವಾಗ ಅಪ್ಪಚ್ಚಿ ಗೇಟಿನವರೆಗೆ ಹೋಗಿ "ಒಂದು" ಅಂತ ಒಂದು ಬೆರಳು ಎತ್ತಿ ತೋರಿಸಿದ್ರಂತೆ. ಭಾವ ಕಾರಿನ ಗ್ಲಾಸ್ ಇಳಿಸಿ ಹದಿನಾರು ಅಂದ್ರಂತೆ. ಇಬ್ರೂ ಇದನ್ನು ಓದ್ತಾರೆ ಅಂತ ಗೊತ್ತುಂಟು. ಅಪ್ಪಚ್ಚಿ, ಭಾವ, ನಿಮಗೆ ಬೇಕಾದಲ್ಲಿ ಬ್ರಾಕೆಟ್ ಹಾಕಿ ನನಗೆ ಕಳಿಸಿ, ನಾನು ಇಬ್ರಿಗೂ ರೈಟ್ ಹಾಕ್ತೇನೆ.