ಸ್ಯಾಂಟೋರಿನಿ ಬಿಟ್ಟು ಪಿಲೋಸ್‌ಗೆ ಹೋದೆವು

ಗ್ರೀಸ್‌ಗೆ ಹೊರಟಿದ್ದೇವೆ ಅಂದರೆ ಬೆಂಗಳೂರಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಸ್ಯಾಂಟೋರಿನಿಯಲ್ಲಿ ಎಲ್ಲಿ ಉಳಿದುಕೊಳ್ಳುತ್ತೀರಿ? ಲಾಲ್‌ಬಾಗಿನಲ್ಲಿ ಬೆಳಗ್ಗೆ ಜೊತೆಗೆ ವಾಕ್ ಮಾಡುವವರು ಕೇಳಿದರು. ಜಯನಗರದಲ್ಲಿ ಪ್ರಯಾಣದ ವಿಮೆ ಮಾಡಿಸಲು ಹೋದಾಗ ಅಲ್ಲಿದ್ದ ಹುಡುಗನೂ ಕೇಳಿದ. ನಾವು ಹೋಗುತ್ತಿರುವುದು ಪಿಲೋಸ್‌ಗೆ ಅಂದರೆ ಯಾರಿಗೂ ಆ ಹೆಸರೇ ಗೊತ್ತಿರಲಿಲ್ಲ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ. ನಡೆಯುವ ಅಭ್ಯಾಸ ಇದ್ದು, ಹಳೆಯ ಜಾಗಗಳ ಹುಚ್ಚು ಇದ್ದು, ಜನಜಂಗುಳಿ ಬೇಡ ಅನ್ನುವವರು ಈ ಕರಾವಳಿಗೆ ಒಮ್ಮೆ ಹೋಗಲೇಬೇಕು.

ಪಿಲೋಸ್ ಇರುವುದು ಗ್ರೀಸ್‌ನ ದಕ್ಷಿಣದ ಪರ್ಯಾಯದ್ವೀಪ ಪೆಲೊಪೊನೀಸ್‌ನ ನೈಋತ್ಯ ಮೂಲೆಯಲ್ಲಿ, ಮೆಸ್ಸೀನಿಯಾ ಅನ್ನುವ ಸೀಮೆಯಲ್ಲಿ. ನಾನು, ನನ್ನ ತಮ್ಮನ ಮಗಳು ಇಬ್ಬರೇ ಹೋಗಿದ್ದೆವು, ಅಕ್ಟೋಬರ್ ತಿಂಗಳಲ್ಲಿ. ಗಲ್ಫ್ ಮೂಲಕ ಅಥೆನ್ಸ್, ಅಲ್ಲಿಂದ ಬಾಡಿಗೆ ಕಾರು. ಕೊರಿಂತ್, ಟ್ರಿಪೊಲಿ ದಾಟಿ ಕಲಮಾಟಾವರೆಗೆ ಒಳ್ಳೆಯ ಹೈವೇ ಇದೆ. ಆಮೇಲೆ ಆಲಿವ್ ತೋಟಗಳ ನಡುವೆ ಸುತ್ತು ದಾರಿ. ಹೊರಡುವ ಮೊದಲೇ ಅವಳು ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡಿದ್ದಳು. ಅಲ್ಲಿ ಬಲಗಡೆ ಓಡಿಸಬೇಕು. ಮೊದಲ ಅರ್ಧ ಗಂಟೆ ಇಬ್ಬರೂ ಮಾತೇ ಆಡಲಿಲ್ಲ.

ಪಿಲೋಸ್ ಚಿಕ್ಕ ಊರು. ಬಂದರಿನ ಪಕ್ಕದಲ್ಲೇ ಒಂದು ಚೌಕ, ಸುತ್ತ ದೊಡ್ಡ ಮರಗಳು, ಮರದ ಕೆಳಗೆ ಕಾಫಿ ಅಂಗಡಿಯ ಕುರ್ಚಿಗಳು. ಚೌಕಕ್ಕೆ ಮೂವರು ಅಡ್ಮಿರಲ್‌ಗಳ ಹೆಸರಿಟ್ಟಿದ್ದಾರೆ: ಬ್ರಿಟನ್ನಿನ ಕಾಡ್ರಿಂಗ್ಟನ್, ಫ್ರಾನ್ಸಿನ ದ ರಿನ್ಯಿ, ರಷ್ಯಾದ ಹೇಡನ್. ಅವರ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ನಡಿಗೆಯದ್ದು ಹೇಳಬೇಕು, ಯಾಕೆಂದರೆ ಇಡೀ ಪ್ರವಾಸದಲ್ಲಿ ನನಗೆ ತುಂಬ ಹಿಡಿಸಿದ್ದು ಅದೇ.

ಊರಿನ ಉತ್ತರಕ್ಕೆ, ಕೊಲ್ಲಿಯ ಆಚೆ ತುದಿಯಲ್ಲಿ ಗಿಯಾಲೊವಾ ಅನ್ನುವ ಹಿನ್ನೀರು ಇದೆ. ಹಿನ್ನೀರಿಗೂ ಸಮುದ್ರಕ್ಕೂ ನಡುವೆ ದಿವಾರಿ ಅನ್ನುವ ಮರಳಿನ ದಂಡೆ. ಅದರ ಕೊನೆಯಲ್ಲಿ ಕಾರು ನಿಲ್ಲಿಸಿದರೆ ಎದುರಿಗೇ ಒಂದು ಕಲ್ಲು ಗುಡ್ಡ, ಗುಡ್ಡದ ಮೇಲೆ ಪಾಲಿಯೊಕಾಸ್ಟ್ರೊ, ಅಂದರೆ ಹಳೇ ಕೋಟೆ. 13ನೇ ಶತಮಾನದಲ್ಲಿ ಫ್ರಾಂಕರು, ಅಂದರೆ ಪಶ್ಚಿಮ ಯುರೋಪಿನಿಂದ ಬಂದವರು, ಕಟ್ಟಿದ್ದು. ಸಾವನದುರ್ಗ ಹತ್ತಿದವರಿಗೆ ಈ ಹತ್ತುವಿಕೆ ಏನೂ ಅಲ್ಲ, ಆದರೆ ಕಲ್ಲುಗಳು ಸಡಿಲ, ಮುಳ್ಳಿನ ಪೊದೆ ಜಾಸ್ತಿ. ಪೂರ್ತಿ ಕಾಲು ಮುಚ್ಚುವ ಪ್ಯಾಂಟು, ಒಳ್ಳೆಯ ಗ್ರಿಪ್ ಇರುವ ಶೂ ಬೇಕೇ ಬೇಕು. ನೆರಳು ಕಡಿಮೆ, ಮೇಲೆ ಕುಡಿಯುವ ನೀರಿಲ್ಲ. ಕೋಟೆಯ ಒಳಗೆ ಹಳೆಯ ನೀರಿನ ತೊಟ್ಟಿಗಳು ಪೊದೆಗಳ ಮಧ್ಯೆ ಬಾಯಿ ತೆರೆದುಕೊಂಡಿವೆ. ಕಾಲುದಾರಿ ಬಿಟ್ಟು ಆಚೀಚೆ ಹೋಗಬೇಡಿ.

ಗೋಡೆಯ ಉತ್ತರದ ಅಂಚಿಗೆ ಬಂದಾಗ ಕೆಳಗೆ ವೊಯ್ಡೊಕಿಲಿಯಾ ಕಂಡಿತು. ಫೋಟೊಗಳಲ್ಲಿ ನೋಡಿಕೊಂಡೇ ಹೋಗಿದ್ದೆ, ಆದರೂ ನಿಂತುಬಿಟ್ಟೆ. ಸಮುದ್ರ ಎರಡು ಬಂಡೆಗಳ ನಡುವಿನ ಕಿರಿದಾದ ಬಾಯಿಂದ ಒಳಗೆ ಬಂದು ಅಷ್ಟಗಲ ಹರಡಿದೆ. ದಂಡೆ ಹೆಚ್ಚುಕಡಿಮೆ ಪೂರ್ತಿ ವೃತ್ತ. ಗ್ರೀಕ್ ಲಿಪಿಯ ಕೊನೆಯ ಅಕ್ಷರ ಒಮೆಗಾದ ಆಕಾರ. ಬಾಯಿಯ ಹತ್ತಿರ ನೀರು ಕಡುನೀಲಿ, ಒಳಗೆ ಬಂದಂತೆ ತಿಳಿ ಹಸಿರು, ದಡದಲ್ಲಿ ಬಣ್ಣವೇ ಇಲ್ಲ. ಮರಳಿನ ಹಿಂದೆ ಹಿನ್ನೀರು, ಅದರಲ್ಲಿ ರಾಜಹಂಸಗಳು ಚುಕ್ಕಿ ಚುಕ್ಕಿಯಾಗಿ ನಿಂತಿದ್ದವು. ಗ್ರೀಕರ ಆದಿಕವಿ ಹೋಮರ್ ಹೇಳುವ 'ಮರಳಿನ ಪಿಲೋಸ್' ಇದೇ ಸೀಮೆ. ಅವನ ಒಡಿಸ್ಸಿ ಕಾವ್ಯದಲ್ಲಿ ಅಪ್ಪನನ್ನು ಹುಡುಕಿಕೊಂಡು ಹೊರಟ ಟೆಲಿಮಾಕಸ್ ಹಡಗಿನಿಂದ ಇಳಿದು ಪಿಲೋಸ್‌ನ ಮುದಿ ರಾಜ ನೆಸ್ಟರ್‌ನನ್ನು ನೋಡುವುದು ಈ ಕರಾವಳಿಯಲ್ಲಿ.

ಕೋಟೆಯಿಂದ ಇಳಿಯುವ ದಾರಿ ಕಡಿದಾಗಿದೆ. ಕೈ ಊರಿಕೊಂಡೇ ಇಳಿದೆ. ಅರ್ಧ ದಾರಿಯಲ್ಲಿ ಒಂದು ಗುಹೆ ಸಿಗುತ್ತದೆ, ನೆಸ್ಟರ್‌ನ ಗುಹೆ ಅನ್ನುತ್ತಾರೆ. ಗ್ರೀಕರ ದೇವರು ಅಪೊಲೊನ ದನಗಳನ್ನು ಕದ್ದ ಇನ್ನೊಬ್ಬ ದೇವರು ಹರ್ಮಿಸ್ ಅವನ್ನು ಬಚ್ಚಿಟ್ಟದ್ದು ಇಲ್ಲೇ ಅಂತ ಕಥೆ. ಒಳಗೆ ತಂಪು. ಚಾವಣಿಯಿಂದ ಸುಣ್ಣದ ಕಲ್ಲು ಇಳಿಬಿದ್ದಿದೆ, ಮೇಲೆ ಒಂದು ಸಂದಿಯಿಂದ ಬೆಳಕು ಬೀಳುತ್ತದೆ. ಅಲ್ಲಿ ಕೂತು ಬಾದಾಮಿ, ಕಿತ್ತಳೆ ತಿಂದು, ಕೆಳಗಿಳಿದು ಸಮುದ್ರಕ್ಕೆ ಇಳಿದೆವು. ಅಕ್ಟೋಬರ್‌ನಲ್ಲೂ ನೀರು ಬೆಚ್ಚಗಿತ್ತು. ತುಂಬ ದೂರದವರೆಗೆ ಸೊಂಟದ ಮಟ್ಟ ಅಷ್ಟೇ, ಈಜು ಬರದ ನನಗೂ ಹೆದರಿಕೆ ಆಗಲಿಲ್ಲ. ದಂಡೆಯಲ್ಲಿ ಅಂಗಡಿ ಇಲ್ಲ, ಛತ್ರಿ ಇಲ್ಲ, ಬಾಡಿಗೆ ಕುರ್ಚಿ ಇಲ್ಲ. ಇದು ಸಂರಕ್ಷಿತ ಜಾಗ. ಹಿನ್ನೀರಿನ ಸುತ್ತ 270ರಷ್ಟು ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಮರಳ ದಿಬ್ಬಗಳಲ್ಲಿ ಆಫ್ರಿಕದ ಗೋಸುಂಬೆ ಇದೆ, ಯುರೋಪಿನಲ್ಲಿ ತೀರಾ ಅಪರೂಪದ್ದು. ಹಾಗಾಗಿ ದಿಬ್ಬಗಳ ಮೇಲೆ ತುಳಿದಾಡಬೇಡಿ, ಹಾಕಿರುವ ದಾರಿಯಲ್ಲೇ ನಡೆಯಿರಿ.

ಮಾರನೇ ದಿನ ನೆಸ್ಟರ್‌ನ ಅರಮನೆಗೆ ಹೋದೆವು. ಕೊಲ್ಲಿಯಿಂದ ಉತ್ತರಕ್ಕೆ, ಹೋರಾ ಅನ್ನುವ ಊರಿನ ಹತ್ತಿರ, ಆಲಿವ್ ತೋಟಗಳ ನಡುವಿನ ದಿಣ್ಣೆಯ ಮೇಲಿದೆ. ಈಗ ಅದಕ್ಕೆ ದೊಡ್ಡ ಸೂರು ಹಾಕಿ, ಮೇಲಿಂದ ನೋಡಲು ಎತ್ತರದ ಓಣಿ ಕಟ್ಟಿದ್ದಾರೆ. ಗೋಡೆಗಳು ಮೊಣಕಾಲೆತ್ತರ ಉಳಿದಿವೆ ಅಷ್ಟೇ, ಆದರೆ ಮನೆಯ ನಕ್ಷೆ ಪೂರ್ತಿ ಕಾಣುತ್ತದೆ. ನಡುವೆ ಸಿಂಹಾಸನದ ಕೋಣೆ, ಅದರ ಮಧ್ಯೆ ಸುಮಾರು 4 ಮೀಟರ್ ಅಗಲದ ದುಂಡು ಒಲೆ. ಪಕ್ಕದ ಕೋಣೆಗಳಲ್ಲಿ ಎಣ್ಣೆಯ ಗುಡಾಣಗಳನ್ನು ಹೂತಿಟ್ಟ ಕಟ್ಟೆ. ಬಚ್ಚಲಲ್ಲಿ ಚಿತ್ತಾರದ ಮಣ್ಣಿನ ತೊಟ್ಟಿ ಇದ್ದಲ್ಲೇ ಇದೆ. ಇನ್ನೊಂದು ಚಿಕ್ಕ ಕೋಣೆಯಲ್ಲಿ ಕುಡಿಯುವ ಬಟ್ಟಲುಗಳೇ ಸುಮಾರು 2,800 ಸಿಕ್ಕಿದವಂತೆ, ಒಂದರ ಮೇಲೊಂದು ಜೋಡಿಸಿಟ್ಟದ್ದು.

ನಾನು ಬ್ಯಾಂಕಿನಲ್ಲಿ ಇದ್ದವಳು. ಸಾಲ ಕೊಟ್ಟ ಕಾರ್ಖಾನೆಗಳಿಗೆ ಹೋಗಿ ಸ್ಟಾಕ್ ನೋಡುವುದು ನನ್ನ ಕೆಲಸದ ಭಾಗವಾಗಿತ್ತು. ಸ್ಟಾಕ್ ಸ್ಟೇಟ್‌ಮೆಂಟ್ ಕೈಯಲ್ಲಿ ಹಿಡಿದು ಪೀಣ್ಯದ ಗೋಡೌನುಗಳಲ್ಲಿ ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ. ಆದ್ದರಿಂದ ಈ ಅರಮನೆಯಲ್ಲಿ ನನ್ನನ್ನು ಎಳೆದದ್ದು ಸಿಂಹಾಸನದ ಕೋಣೆ ಅಲ್ಲ. ಬಾಗಿಲ ಪಕ್ಕದಲ್ಲಿರುವ ಎರಡು ಪುಟ್ಟ ಕೋಣೆಗಳು. ಅದು ಲೆಕ್ಕದ ಕಚೇರಿ.

1939ರಲ್ಲಿ ಅಮೆರಿಕದ ಕಾರ್ಲ್ ಬ್ಲೆಗನ್ ಇಲ್ಲಿ ಅಗೆತ ಶುರು ಮಾಡಿದ ಮೊದಲ ದಿನವೇ ಬರಹ ಇರುವ ಮಣ್ಣಿನ ಫಲಕಗಳು ಸಿಕ್ಕಿದವು. ಒಟ್ಟು ಚೂರುಪಾರು ಸೇರಿ ಸಾವಿರದಷ್ಟು. ಲಿಪಿಯ ಹೆಸರು ಲೀನಿಯರ್ ಬಿ. ಆಗ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಮಹಾಯುದ್ಧ ಬಂತು. ಓದುವ ದಾರಿ ಸಿಕ್ಕಿದ್ದು 1952ರಲ್ಲಿ, ಮೈಕೆಲ್ ವೆಂಟ್ರಿಸ್ ಅನ್ನುವ ಇಂಗ್ಲೆಂಡಿನ ಆರ್ಕಿಟೆಕ್ಟ್‌ಗೆ. ಅದು ಗ್ರೀಕ್ ಭಾಷೆಯೇ ಅಂತ ಅವರು ತೋರಿಸಿದಾಗ ತುಂಬ ಜನ ನಂಬಲಿಲ್ಲ. ನಂಬಿಸಿದ್ದು ಇದೇ ಪಿಲೋಸ್‌ನ ಒಂದು ಫಲಕ. ಅದರಲ್ಲಿ ಪಾತ್ರೆಗಳ ಪಟ್ಟಿ ಇದೆ, ಪ್ರತಿ ಪಾತ್ರೆಯ ಪಕ್ಕ ಚಿಕ್ಕ ಚಿತ್ರ ಇದೆ. ವೆಂಟ್ರಿಸ್ ಕೊಟ್ಟ ಅಕ್ಷರಗಳನ್ನು ಹಾಕಿ ಓದಿದರೆ ನಾಲ್ಕು ಹಿಡಿಯ ಪಾತ್ರೆ ಅನ್ನುವ ಕಡೆ ಚಿತ್ರದಲ್ಲೂ ನಾಲ್ಕು ಹಿಡಿ. ಮೂರು ಅನ್ನುವ ಕಡೆ ಮೂರು. ಹಿಡಿ ಇಲ್ಲ ಅನ್ನುವ ಕಡೆ ಬರೀ ಪಾತ್ರೆ. ಪುಸ್ತಕದ ಲೆಕ್ಕಕ್ಕೂ ಗೋಡೌನಿನ ಮಾಲಿಗೂ ತಾಳೆ ಆದ ಹಾಗೆ, ಮತ್ತೆ ವಾದಕ್ಕೆ ಜಾಗವೇ ಇಲ್ಲ.

ಈ ಫಲಕಗಳಲ್ಲಿ ರಾಜರ ಹೊಗಳಿಕೆ ಇಲ್ಲ, ಯುದ್ಧದ ಕಥೆ ಇಲ್ಲ. ಎಷ್ಟು ಕುರಿ, ಯಾವ ಕಮ್ಮಾರನಿಗೆ ಎಷ್ಟು ಕಂಚು, ಯಾವ ದೇವರಿಗೆ ಎಷ್ಟು ಸುಗಂಧದ ಎಣ್ಣೆ. ರಥದ ಚಕ್ರಗಳ ಪಟ್ಟಿಯಲ್ಲಿ ಯಾವುದು ಬಳಕೆಗೆ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಬೇರೆ ಬೇರೆ ಬರೆದಿದ್ದಾರೆ. ಅರಮನೆಯಲ್ಲಿ ದುಡಿಯುವ ಹೆಂಗಸರು ಎಷ್ಟು, ಅವರ ಮಕ್ಕಳು ಎಷ್ಟು, ಅವರಿಗೆ ಕೊಡುವ ಗೋಧಿ, ಅಂಜೂರ ಎಷ್ಟು ಅಂತಲೂ ಇದೆ. "ಅತ್ತೆ, ಇವರೆಲ್ಲ ನಿಮ್ಮ ಕಡೆಯವರೇ," ಅಂದಳು ತಮ್ಮನ ಮಗಳು. ನಿಜ. 3,200 ವರ್ಷದ ಹಿಂದಿನ ಗುಮಾಸ್ತರೊಬ್ಬರು ಮುರಿದ ಚಕ್ರವನ್ನು ಒಳ್ಳೆಯ ಚಕ್ರದ ಜೊತೆ ಸೇರಿಸಿ ಬರೆಯಲಿಲ್ಲವಲ್ಲ, ಅದಕ್ಕೆ ಎಷ್ಟು ಗೌರವ ಕೊಟ್ಟರೂ ಸಾಲದು.

ಇನ್ನೂ ಒಂದು ವಿಷಯ. ಈ ಫಲಕಗಳನ್ನು ಸುಟ್ಟು ಗಟ್ಟಿ ಮಾಡುತ್ತಿರಲಿಲ್ಲ, ಹಸಿ ಮಣ್ಣಿನಲ್ಲಿ ಗೀಚಿ ಒಣಗಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಅದೇ ಮಣ್ಣನ್ನು ನೆನೆಸಿ ಹೊಸ ಲೆಕ್ಕ ಬರೆಯಬಹುದಿತ್ತು. ಕ್ರಿ.ಪೂ. 1200ರ ಆಸುಪಾಸಿನಲ್ಲಿ ಅರಮನೆಗೆ ಬೆಂಕಿ ಬಿತ್ತು. ಎಣ್ಣೆಯ ಗುಡಾಣಗಳು ಇದ್ದ ಮನೆ, ಎಂಥ ಬೆಂಕಿ ಇರಬೇಕು ಯೋಚಿಸಿ. ಆ ಬೆಂಕಿಯಲ್ಲಿ ಫಲಕಗಳು ಬೆಂದು ಗಟ್ಟಿಯಾದವು, ಅದರಿಂದಲೇ ಉಳಿದವು. ಅಂದರೆ ನಮ್ಮ ಕೈಗೆ ಸಿಕ್ಕಿರುವುದು ಆ ಅರಮನೆಯ ಕೊನೆಯ ದಿನಗಳ ಲೆಕ್ಕ. ಅದರಲ್ಲಿ ಕೆಲವು ಫಲಕಗಳು ಕರಾವಳಿ ಕಾಯುವವರ ಪಟ್ಟಿ. ಯಾವ ಜಾಗದಲ್ಲಿ ಎಷ್ಟು ಮಂದಿ, ಅವರ ಮೇಲೆ ಯಾರು. ಸಮುದ್ರದಿಂದ ಯಾರು ಬರುತ್ತಾರೆ ಅಂತ ಅವರು ಕಾಯುತ್ತಿದ್ದರೋ! ಆ ದಿಣ್ಣೆಯಿಂದ ಕೊಲ್ಲಿಯ ನೀರು ಕಾಣುತ್ತದೆ. ತುಂಬ ಹೊತ್ತು ಅಲ್ಲೇ ನಿಂತಿದ್ದೆ.

ಆ ಕೊಲ್ಲಿಯ ಹೆಸರು ನವಾರಿನೊ. ಅದರ ಬಾಯಿಗೆ ಅಡ್ಡಲಾಗಿ ಸ್ಫಾಕ್ಟೀರಿಯಾ ಅನ್ನುವ ಉದ್ದನೆಯ ದ್ವೀಪ ಮಲಗಿದೆ. ಪಿಲೋಸ್ ಬಂದರಿನಿಂದ ಚಿಕ್ಕ ದೋಣಿಗಳು ಸುತ್ತು ಹಾಕಿಸುತ್ತವೆ. ಕ್ರಿ.ಪೂ. 425ರಲ್ಲಿ ಅಥೆನ್ಸಿನವರು ಈ ದ್ವೀಪದಲ್ಲಿ ಸ್ಪಾರ್ಟಾದ ಸೈನಿಕರನ್ನು ಸುತ್ತುವರಿದರು. 292 ಜನ ಶರಣಾದರು. ಸ್ಪಾರ್ಟಾದವರು ಸಾಯುತ್ತಾರೆಯೇ ಹೊರತು ಆಯುಧ ಕೆಳಗಿಡುವುದಿಲ್ಲ ಅಂತ ನಂಬಿದ್ದ ಗ್ರೀಕರಿಗೆಲ್ಲ ಅದು ದೊಡ್ಡ ಆಘಾತ.

ಮೂವರು ಅಡ್ಮಿರಲ್‌ಗಳು ಬಂದದ್ದು ಅದಾಗಿ ಎರಡು ಸಾವಿರ ವರ್ಷಕ್ಕೂ ಆಮೇಲೆ. ಗ್ರೀಕರು ತುರ್ಕರ ಆಳ್ವಿಕೆ ವಿರುದ್ಧ 1821ರಲ್ಲಿ ಎದ್ದಿದ್ದರು. 1827ರ ಅಕ್ಟೋಬರ್ 20ರಂದು ಬ್ರಿಟನ್, ಫ್ರಾನ್ಸ್, ರಷ್ಯಾದ ಹಡಗುಗಳು ಈ ಕೊಲ್ಲಿಯೊಳಗೆ ಬಂದು, ಲಂಗರು ಹಾಕಿದ್ದ ತುರ್ಕಿ ಮತ್ತು ಈಜಿಪ್ಟಿನ ಪಡೆಯನ್ನು ಕೆಲವೇ ಗಂಟೆಗಳಲ್ಲಿ ಹಾಳುಗೆಡವಿದವು. ಮಿತ್ರಪಡೆಯ ಒಂದು ಹಡಗೂ ಮುಳುಗಲಿಲ್ಲ. ಬರೀ ಹಾಯಿ ಹಡಗುಗಳೇ ಕಾದಾಡಿದ ಕೊನೆಯ ದೊಡ್ಡ ಸಮುದ್ರ ಯುದ್ಧ ಇದು. ಸತ್ತ ನಾವಿಕರ ಸ್ಮಾರಕಗಳು ಬೇರೆ ಬೇರೆ ನಡುಗಡ್ಡೆಗಳ ಮೇಲಿವೆ: ಬ್ರಿಟಿಷರದು ಒಂದರಲ್ಲಿ, ಫ್ರೆಂಚರದು ಇನ್ನೊಂದರಲ್ಲಿ, ರಷ್ಯನ್ನರದು ಸ್ಫಾಕ್ಟೀರಿಯಾದಲ್ಲಿ. ಪ್ರತಿ ವರ್ಷ ಅದೇ ದಿನದ ಆಸುಪಾಸಿನಲ್ಲಿ ಊರಿನಲ್ಲಿ ಆಚರಣೆ ಇರುತ್ತದೆ. ಊರ ಮೇಲಿನ ನಿಯೊಕಾಸ್ಟ್ರೊ ಕೋಟೆಯನ್ನು ತುರ್ಕರು 1573ರಲ್ಲಿ ಕಟ್ಟಿದರು. ಅದನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ, ಒಳಗೆ ಮ್ಯೂಸಿಯಂ ಇದೆ. ಅಲ್ಲಿಗೆ ಸಂಜೆಗಿಂತ ಬೆಳಗ್ಗೆ ಹೋಗುವುದು ಒಳ್ಳೆಯದು.

ಮೆಥೋನಿಗೆ ಅರ್ಧ ದಿನ ಇಟ್ಟುಕೊಳ್ಳಿ. ಪಿಲೋಸ್‌ನಿಂದ ದಕ್ಷಿಣಕ್ಕೆ ಹತ್ತು ಹನ್ನೆರಡು ಕಿಲೋಮೀಟರ್. ವೆನಿಸ್‌ನವರ ಕೋಟೆ, ಮೂರು ಕಡೆ ಸಮುದ್ರ. ಮೆಥೋನಿ ಮತ್ತು ಕೊರೋನಿ ಎರಡೂ ವೆನಿಸ್‌ನ ಕಣ್ಣುಗಳು ಅನ್ನುತ್ತಿದ್ದರು, ಪೂರ್ವಕ್ಕೆ ಹೋಗಿಬರುವ ಹಡಗುಗಳೆಲ್ಲ ಇಲ್ಲಿಂದ ಕಾಣುತ್ತಿದ್ದವು. 1500ರಲ್ಲಿ ಮೆಥೋನಿ ತುರ್ಕರ ಕೈಸೇರಿತು. ಕಂದಕದ ಮೇಲಿನ ಉದ್ದನೆಯ ಕಲ್ಲಿನ ಸೇತುವೆ ದಾಟಿ ಒಳಗೆ ಹೋದರೆ ಈಗ ಹುಲ್ಲು, ಬಿದ್ದ ಗೋಡೆ. ಒಂದು ಊರೇ ಇದ್ದ ಜಾಗ. ನೇರ ನಡೆದು ಸಮುದ್ರದ ಬಾಗಿಲು ದಾಟಿದರೆ ನೀರಿನ ನಡುವೆ ಬೂರ್ಟ್ಸಿ, ಎಂಟು ಮೂಲೆಯ ಗೋಪುರ. ಅಲ್ಲಿಗೆ ಕಲ್ಲು ಹಾಸಿದ ದಾರಿ ಇದೆ. ನಾವು ಹೋದ ದಿನ ಗಾಳಿ ಜೋರಾಗಿತ್ತು, ಎರಡೂ ಕಡೆಯಿಂದ ನೀರು ಹಾರಿ ಶಾಲು ಒದ್ದೆಯಾಯಿತು. ಅವಳು ಫೋಟೊ ತೆಗೆಯುತ್ತಲೇ ಇದ್ದಳು. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತು ಅಲೆ ನೋಡಿದೆ.

ಕಾಡು, ನೀರು ಬೇಕು ಅನ್ನುವವರು ಹರವ್ಗಿ ಹಳ್ಳಿಯ ಹತ್ತಿರದ ಪೋಲಿಲಿಮ್ನಿಯೊಗೆ ಹೋಗಿ. ಕಣಿವೆಯಲ್ಲಿ ಒಂದರ ಕೆಳಗೊಂದು ಹೊಂಡಗಳು, ಜಲಪಾತ. ಕೆಲವು ಕಡೆ ಬಂಡೆ ಹಿಡಿದು ದಾಟಬೇಕು. ಮಂಡಿ ನೋವು ಇರುವವರಿಗೆ ಬೇಡ.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಬೇಡ. ನಾನು ಮೊಟ್ಟೆಯನ್ನೂ ತಿನ್ನುವವಳಲ್ಲ, ಒಂದು ಹೊತ್ತೂ ಹಸಿದಿರಲಿಲ್ಲ. ಟೊಮೇಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಬೀನ್ಸ್ ಕಾಳು, ನಿಂಬೆ ಹಿಂಡಿದ ಬೇಯಿಸಿದ ಸೊಪ್ಪು, ಒಲೆಯಲ್ಲಿ ಬೆಂದ ತರಕಾರಿ, ಅನ್ನ ತುಂಬಿದ ಟೊಮೇಟೊ. ಅನ್ನದಲ್ಲಿ ಮಾಂಸ ಇದೆಯಾ ಅಂತ ಮಾತ್ರ ಕೇಳಿ ತೆಗೆದುಕೊಳ್ಳಿ. ಅವರ ಚರ್ಚಿನ ಉಪವಾಸದ ಅಡುಗೆಗೆ ನಿಸ್ತಿಸಿಮಾ ಅನ್ನುತ್ತಾರೆ. ಆ ಮಾತು ಹೇಳಿದರೆ ಮಾಂಸ, ಹಾಲು, ಮೊಟ್ಟೆ ಬೇಡ ಅಂತ ಹೋಟೆಲಿನವರಿಗೆ ತಿಳಿಯುತ್ತದೆ, ಸಿಗಡಿ ಕಪ್ಪೆಚಿಪ್ಪು ಮಾತ್ರ ಬೇಡ ಅಂತ ಬೇರೆ ಹೇಳಬೇಕು. ಲಲಾಂಗಿಯಾ ಕಂಡರೆ ಬಿಡಬೇಡಿ, ಹಿಟ್ಟನ್ನು ಉದ್ದಕ್ಕೆ ಎಳೆದು ಆಲಿವ್ ಎಣ್ಣೆಯಲ್ಲಿ ಕರಿದ ತಿಂಡಿ, ಬಿಸಿ ಇರುವಾಗಲೇ ತಿನ್ನಬೇಕು.

ಕಾರು ಬೇಡ ಅಂದರೆ ಅಥೆನ್ಸ್‌ನಿಂದ ಕಲಮಾಟಾಗೆ ಕೆಟೆಲ್ ಬಸ್ಸುಗಳಿವೆ, ಅಲ್ಲಿಂದ ಪಿಲೋಸ್‌ಗೂ ಇವೆ. ಬಸ್ಸಿನಲ್ಲಿ ಬರುವವರು ಗಿಯಾಲೊವಾ ಹಳ್ಳಿಯಲ್ಲೇ ಉಳಿಯುವುದು ವಾಸಿ, ಹಿನ್ನೀರು ಮತ್ತು ದಿವಾರಿ ಹತ್ತಿರ. ಅರಮನೆ ಮುಗಿಸಿ ಹೋರಾದ ಮ್ಯೂಸಿಯಂ ತಪ್ಪಿಸಬೇಡಿ, ಅಗೆತದಲ್ಲಿ ಸಿಕ್ಕ ಗೋಡೆ ಚಿತ್ರಗಳ ತುಣುಕು, ಬಟ್ಟಲುಗಳು ಅಲ್ಲಿವೆ. ಫಲಕಗಳು ಮಾತ್ರ ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿವೆ. ಅದನ್ನು ವಾಪಸ್ ಬರುವಾಗ ನೋಡಿ, ಹೋಗುವಾಗ ಬೇಡ. ಅರಮನೆ ನೋಡದೆ ಹೋದರೆ ಅವು ಗಾಜಿನ ಹಿಂದಿನ ಮಣ್ಣಿನ ಚೂರುಗಳು ಅಷ್ಟೇ. ಸಮಯ ಇದ್ದರೆ ಅಥೆನ್ಸಿನಲ್ಲೇ ಇರುವ ಅಗೋರಾದ, ಅಂದರೆ ಹಳೇ ಪೇಟೆ ಚೌಕದ, ಮ್ಯೂಸಿಯಂಗೂ ಹೋಗಿ. ಸ್ಫಾಕ್ಟೀರಿಯಾದಲ್ಲಿ ಸೋತ ಸ್ಪಾರ್ಟಾದವರ ಕಂಚಿನ ಗುರಾಣಿಯೊಂದು ಅಲ್ಲಿದೆ. ಪಿಲೋಸ್‌ನಲ್ಲಿ ಗೆದ್ದದ್ದು ಅಂತ ಅಥೆನ್ಸಿನವರು ಅದರ ಮೇಲೆ ಚುಕ್ಕಿ ಹೊಡೆದು ಬರೆಸಿದ್ದಾರೆ.