ಯೋಮ್ ಕಿಪ್ಪುರ್ ದಿನ ಟೆಲ್ ಅವೀವ್‌ನಲ್ಲಿ

ಯೋಮ್ ಕಿಪ್ಪುರ್ ಅಂದರೆ ಯಹೂದಿಗಳು ಉಪವಾಸವಿದ್ದು ತಪ್ಪುಗಳಿಗೆ ಕ್ಷಮೆ ಕೇಳುವ ಹಬ್ಬ. ಆ ಹೊತ್ತಲ್ಲಿ ಇಸ್ರೇಲಿಗೆ ಹೋಗಬೇಡಿ, ಸುಮ್ನೆ ಒಂದು ದಿನ ದಂಡ ಅಂತ ಹೇಳುವವರೇ ಜಾಸ್ತಿ. ನಾನು ಬೇಕಂತಲೇ ಆ ದಿನ ನೋಡಿ ಹೋದೆ. ಬೆನ್ ಗುರಿಯನ್ ವಿಮಾನ ನಿಲ್ದಾಣವೇ ಬಂದ್. ಬಸ್ಸಿಲ್ಲ, ರೈಲಿಲ್ಲ, ಅಲ್ಲಿನ ಟಿವಿ ಚಾನೆಲ್‌ಗಳೂ ಇಲ್ಲ.

ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಅಲ್ಲಿಗೆ ಹೋದ ಕರಾವಳಿಯವರು ತುಂಬಾ ಜನ ಇದ್ದಾರೆ. ಅವರಲ್ಲೊಬ್ಬರು ನನ್ನ ಗೆಳೆಯನ ಅಕ್ಕ. "ಬ್ರೆಡ್ಡು, ಹಣ್ಣು ಮೊದಲೇ ತಂದಿಟ್ಟುಕೋ ಮಾರಾಯ, ಆಮೇಲೆ ಒಂದಂಗಡಿಯೂ ಇರುವುದಿಲ್ಲ" ಅಂದರು. ಅವರು ನೋಡಿಕೊಳ್ಳುವ ಅಜ್ಜಿ ಆ ವಾರವೆಲ್ಲ ಫೋನ್ ಹಿಡಿದು ಕೂತಿದ್ದರಂತೆ. ದೇವರಿಗೆ ಮಾಡಿದ ತಪ್ಪನ್ನು ದೇವರು ಮನ್ನಿಸಬಹುದು, ಆದರೆ ಮನುಷ್ಯರಿಗೆ ಮಾಡಿದ್ದಕ್ಕೆ ಆ ಮನುಷ್ಯರ ಹತ್ತಿರವೇ ಕ್ಷಮೆ ಕೇಳಬೇಕು, ಅದೂ ಉಪವಾಸಕ್ಕೆ ಮುಂಚೆ. ನನಗಂತೂ ಇದೇ ಉಪವಾಸಕ್ಕಿಂತ ಕಷ್ಟ ಅನ್ನಿಸಿತು.

ಉಪವಾಸವೂ ಸಣ್ಣದೇನಲ್ಲ. ಸಂಜೆ ಸೂರ್ಯ ಮುಳುಗುವ ಮುಂಚೆ ಶುರುವಾದರೆ ಮರುದಿನ ಕತ್ತಲಾಗುವವರೆಗೆ, ಸುಮಾರು 25 ಗಂಟೆ ಹನಿ ನೀರೂ ಇಲ್ಲ, ನಮ್ಮ ನಿರ್ಜಲ ಏಕಾದಶಿ ಥರ. ಸ್ನಾನ ಇಲ್ಲ, ಚರ್ಮದ ಚಪ್ಪಲಿ ಇಲ್ಲ. ಹಾಗಾಗಿ ಸಿನಗಾಗ್ ಅನ್ನುವ ಯಹೂದಿ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಬಿಳಿ ಬಟ್ಟೆ ತೊಟ್ಟ ಗಂಭೀರ ಮುಖದ ಹಿರಿಯರ ಕಾಲಲ್ಲಿ ಬಣ್ಣಬಣ್ಣದ ರಬ್ಬರ್ ಕ್ರಾಕ್ಸ್! ಒಳಗೆ ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಒಂದೊಂದೇ ತಪ್ಪು ಹೇಳುತ್ತಾ ಎದೆಗೆ ಮೆಲ್ಲಗೆ ಮುಷ್ಟಿಯಿಂದ ಬಡಿದುಕೊಳ್ಳುತ್ತಾರೆ. ಯಾರೂ 'ನಾನು' ಅನ್ನಲ್ಲ, ಎಲ್ಲ ತಪ್ಪೂ 'ನಾವು' ಮಾಡಿದ್ದು.

ಹೊರಗೆ ಬಂದರೆ ಬೇರೆಯೇ ಲೋಕ. ಸದಾ ಗಾಡಿಗಳಿಂದ ತುಂಬಿರುವ ಅಯಲೋನ್ ಹೆದ್ದಾರಿಯಲ್ಲಿ ಮಕ್ಕಳು ಸೈಕಲ್, ಸ್ಕೇಟ್‌ಬೋರ್ಡ್ ಹಿಡಿದು ಇಳಿದುಬಿಟ್ಟಿದ್ದರು. ಕಾರು ಓಡಿಸಬಾರದು ಅಂತ ಕಾನೂನೇನೂ ಇಲ್ಲ, ಆದರೂ ಓಡಿಸಲ್ಲ. ಆಂಬುಲೆನ್ಸ್ ಬಂದರೆ ಮಾತ್ರ ಎಲ್ಲರೂ ಪಕ್ಕಕ್ಕೆ ಸರೀತಾರೆ. 1973ರ ಅಕ್ಟೋಬರ್ 6ರಂದು ಇದೇ ಹಬ್ಬದ ಮಧ್ಯಾಹ್ನ ಈಜಿಪ್ಟ್, ಸಿರಿಯಾ ದಾಳಿ ಮಾಡಿದ್ದು, ಹಾಗಾಗಿ ವಯಸ್ಸಾದವರಿಗೆ ಈ ದಿನ ಅಂದರೆ ಸೈರನ್ ನೆನಪೂ ಹೌದು.

ಕತ್ತಲಾದ ಮೇಲೆ ಟಗರಿನ ಕೊಂಬಿನ ಕಹಳೆ ಶೋಫಾರ್ ಒಂದು ಸಲ ಉದ್ದಕ್ಕೆ ಮೊಳಗಿತು, ಜನ ಮನೆಗೆ ಹೊರಟರು. ಇನ್ನು ಮಲಗಬಹುದು ಅಂದುಕೊಂಡರೆ ಕೆಳಗಡೆ ಸುತ್ತಿಗೆ ಸದ್ದು! ಐದು ದಿನಕ್ಕೆ ಸುಕ್ಕೋತ್ ಹಬ್ಬ, ಅದಕ್ಕೆ ಚಪ್ಪರ ಹಾಕುವ ಕೆಲಸವನ್ನು ಆ ರಾತ್ರಿಯೇ ಶುರುಮಾಡುವ ಪದ್ಧತಿಯಂತೆ. ಪಕ್ಕದ ಮನೆಯವರು ಊಟ ಮುಗಿಸಿದ್ದೇ ತಡ, ಹಲಗೆ ಹೊತ್ತು ತಂದಿದ್ದರು.