ಕೆಮ್ಮಣ್ಣುಗುಂಡಿಯ ಕೆಂಪು ಗೆರೆ

ಬೆಳಿಗ್ಗೆ ಆರಕ್ಕೇ ನಾನೂ ಅತ್ತೆಯ ಮಗನೂ ಶಿವಮೊಗ್ಗ ಬಿಟ್ಟೆವು. ಭದ್ರಾವತಿ, ತರೀಕೆರೆ, ಲಿಂಗದಹಳ್ಳಿ ಬೇಗ ಕಳೆದವು. ಕಲ್ಲತ್ತಿಗಿರಿ ದಾಟಿದ ಮೇಲೆ ಬರೀ ಏರು. ಎಲ್ಲರೂ ಮಂಜು ನೋಡಲು ಹೋಗುತ್ತಾರೆ. ನನಗೆ ಕಲ್ಲು ನೋಡಬೇಕಿತ್ತು.

ಕೆಮ್ಮಣ್ಣುಗುಂಡಿ. ಹೆಸರಲ್ಲೇ ಎಲ್ಲ ಇದೆ ಅಲ್ವಾ? ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಇಲ್ಲಿಂದಲೇ, ರೋಪ್‌ವೇಯಲ್ಲಿ ಇಳಿದು.

ದಾರಿ ಬದಿಯ ದರೆಯ ಬುಡದಲ್ಲಿ ಕೈಯಗಲದ ಕಲ್ಲೊಂದು ಬಿದ್ದಿತ್ತು. ಬಾಟಲಿ ನೀರು ಹಾಕಿ ತೊಳೆದೆ. ಒಂದು ಗೆರೆ ಕೆಂಪು, ಒಂದು ಬೂದು, ಮತ್ತೆ ಕೆಂಪು. ಕೆಲವು ಬೆರಳಿನಷ್ಟು ದಪ್ಪ, ಕೆಲವು ದಾರದಷ್ಟು. ಉಜ್ಜಿದರೆ ಬೆರಳಿಗೆ ಕುಂಕುಮದ ಹಾಗೆ ಹತ್ತಿತು. ಬಾಬಾಬುಡನ್ ಸಾಲಿನ ಈ ಕಲ್ಲಿಗೆ ಸುಮಾರು 270 ಕೋಟಿ ವರ್ಷ. ಆಗ ಇದು ಕಡಲ ತಳ. ಕೆಂಪು ಗೆರೆ ಆ ನೀರಿನಿಂದ ಇಳಿದು ಕೂತ ಕಬ್ಬಿಣ.

ಕಡಲ ನೀರಲ್ಲಿ ಇಷ್ಟೊಂದು ಕಬ್ಬಿಣ ಕರಗಿರಬೇಕಾದರೆ ಆಕ್ಸಿಜನ್ ಇರಬಾರದು. ಇದ್ದರೆ ಕಬ್ಬಿಣ ತುಕ್ಕಾಗಿ ತಳ ಸೇರುತ್ತದೆ. ಈ ಸಾಲಿನ ಅಡಿಪದರದ ಹೊಳೆಗಲ್ಲುಗಳಲ್ಲಿ ಪೈರೈಟ್ ಎಂಬ, ಕಬ್ಬಿಣ-ಗಂಧಕ ಸೇರಿದ ಖನಿಜದ ಹರಳುಗಳೂ ಸಿಕ್ಕಿವೆ. ಇವತ್ತಿನ ಗಾಳಿಯಲ್ಲಿ ಅವು ಹೊಳೆಯಲ್ಲಿ ಉರುಳಿ ಬರುವಷ್ಟರಲ್ಲೇ ಕೆಟ್ಟುಹೋಗುತ್ತವೆ. ಅಂದರೆ ಅಂದಿನ ಜೀವಿಗಳು ಆಕ್ಸಿಜನ್ ಇಲ್ಲದೆಯೇ ಬದುಕಿದ್ದವು.

ಸುಮಾರು 240 ಕೋಟಿ ವರ್ಷದ ಹಿಂದೆ ಆ ಲೋಕ ಮಗುಚಿತು. ನೀಲಿ-ಹಸಿರು ಪಾಚಿ ಬಿಟ್ಟ ಆಕ್ಸಿಜನ್ ಗಾಳಿಯಲ್ಲಿ ನಿಂತಿತು. ಹಳೆಯ ಸೂಕ್ಷ್ಮಜೀವಿಗಳಿಗೆ ಅದು ವಿಷ. ಆಗ ದೊಡ್ಡ ಸಂಖ್ಯೆಯಲ್ಲಿ ಅವು ಅಳಿದಿರಬೇಕು ಎನ್ನುತ್ತಾರೆ ಹಲವು ವಿಜ್ಞಾನಿಗಳು. ಡೈನೋಸಾರ್‌ಗಳಿಗೆ ಇದ್ದ ಹಾಗೆ ಇವುಗಳಿಗೆ ಮೂಳೆ ಇಲ್ಲ. ಕಲ್ಲಿನ ರಸಾಯನ ಓದಿಯೇ ತಿಳಿಯಬೇಕು. 240 ಕೋಟಿಗಿಂತ ಹಳೆಯ ಕಲ್ಲುಗಳ ಗಂಧಕದಲ್ಲಿ ಒಂದು ವಿಚಿತ್ರ ಗುರುತು ಇದೆ, ಗಾಳಿಯಲ್ಲಿ ಆಕ್ಸಿಜನ್ ಇಲ್ಲದಿದ್ದರೆ ಮಾತ್ರ ಉಳಿಯುವಂಥದ್ದು. ಆಮೇಲಿನ ಕಲ್ಲುಗಳಲ್ಲಿ ಅದು ಮಾಯ. 2000ದಲ್ಲಿ ಇದು ಹೊರಬಿದ್ದ ಮೇಲೆ ಆಕ್ಸಿಜನ್ ಬಂದ ಕಾಲದ ಬಗ್ಗೆ ಅನುಮಾನ ಕಡಿಮೆಯಾಯಿತು. ನನಗೆ ಇದು ಉಲ್ಕೆ ಬಿದ್ದ ಕಥೆಗಿಂತ ಜಾಸ್ತಿ ಎದೆಗೆ ತಟ್ಟುತ್ತದೆ. ನಾನು ಅಲ್ಲಿ ಕೂತು ಎಳೆದುಕೊಳ್ಳುತ್ತಿದ್ದದ್ದು ಅದೇ ಗಾಳಿ.

ಕಲ್ಲನ್ನು ಇದ್ದಲ್ಲೇ ಇಟ್ಟು ಇಳಿದೆವು.

ಸಂಜೆ ಲಿಂಗದಹಳ್ಳಿ ಹತ್ತಿರದ ಮಾವನ ಮನೆ. ಕೊಟ್ಟಿಗೆ ಹಿಂದೆ ಗೋಬರ್ ಗ್ಯಾಸಿನ ಗುಂಡಿ. ಮಾವ ಸಗಣಿ ಕದಡುತ್ತಾ ಹೇಳಿದರು, "ಒಳಗೆ ಗಾಳಿ ಹೋಗಬಾರದು ಮಾರಾಯ. ಹೋದ್ರೆ ಗ್ಯಾಸೇ ಬರಲ್ಲ." ಗಾಳಿ ಸೋಕದ ಆ ಕತ್ತಲಲ್ಲಿ, ಗದ್ದೆಯ ಕೆಸರಲ್ಲಿ, ದನದ ಹೊಟ್ಟೆಯಲ್ಲಿ ಆ ಹಳೆಯ ಬದುಕನ್ನೇ ಬದುಕುವ ಜೀವಿಗಳು ಇನ್ನೂ ಇವೆ. ಅತ್ತೆ ಒಲೆ ಹಚ್ಚಿದರು. ನೀಲಿ ಉರಿ ಎದ್ದಿತು. ಅದರ ಮೇಲೆ ಚಹಾಕ್ಕೆ ನೀರಿಟ್ಟರು.